ಶುದ್ಧಕ್ಕಿಂತ ಶುದ್ಧವಾದ ನೀರು

ಹಿರೇಸರದ ಬಾವಿಗಳಿಗೆ ವಿಷ ಇಳಿದಿದೆಯೆಂದು ನಾನು ರುಜುವಾತುಪಡಿಸಿದ ಕಾಲದಲ್ಲಿ ನನ್ನ ಪ್ರಯೋಗಾಲಯವೆಂದರೆ ನೇಕಾರರ ಸಹಕಾರ ಸಂಘದ ನೂಲಿನ ಗೋದಾಮಿನ ಒಂದು ಮೂಲೆ. ಬೆಳಕನ್ನು ಅಳೆಯುವ ಯಂತ್ರವನ್ನು ಕೊಳ್ಳುವ ಶಕ್ತಿ ಸಂಘಕ್ಕಿರಲಿಲ್ಲ. ಆದುದರಿಂದ ಒಂದನ್ನು ನಾನೇ ಕಟ್ಟಿದೆ. ಮೋಟಾರು ಸೈಕಲ್ಲಿನ ದೀಪ, ಒಡೆದ ಗೋಲಿಸೋಡಾ ಶೀಸೆಯ ಹಸಿರು ಚೂರು, ಫೋಟೋ ಸ್ಟುಡಿಯೋದವರು ಬಿಸಾಡಿದ್ದ ಬೆಳಕುಮಾಪಕದ ಮುಳ್ಳು, ಇಷ್ಟನ್ನೂ ಒಳಮೈಗೆ ಕಪ್ಪು ಬಳಿದ ಬಿಸ್ಕೀಟಿನ ಡಬ್ಬಿಯೊಂದರಲ್ಲಿ ಕೂರಿಸಿದ್ದೆ. ಬಣ್ಣದ ಕಾರ್ಖಾನೆಯ ಕೊಳೆನೀರಿನ ಕ್ರೋಮಿಯಂ ನೆಲದೊಳಗೆ ಇಂಗಿ ಬಾವಿಗಳನ್ನು ಸೇರಿತ್ತು. ಆ ನೀರಿಗೆ ಒಂದು ರಾಸಾಯನಿಕವನ್ನು ಬೆರೆಸಿದರೆ ಕ್ರೋಮಿಯಂ ನೇರಳೆ ಬಣ್ಣ ತಾಳುತ್ತದೆ; ನೇರಳೆ ಬಣ್ಣವು ಹಸಿರು ಬೆಳಕನ್ನು ನುಂಗುತ್ತದೆ; ನುಂಗಿದ ಬೆಳಕಿನ ಪ್ರಮಾಣವೇ ವಿಷದ ಪ್ರಮಾಣ. ಬೆಳಕು ಸುಳ್ಳು ಹೇಳುವುದಿಲ್ಲವೆಂಬ ನಂಬಿಕೆಯೊಂದೇ ನನ್ನ ಬಂಡವಾಳವಾಗಿತ್ತು.

ಕಾರ್ಖಾನೆಯ ವಕೀಲರು ತುಂಬಿದ ಕೋರ್ಟಿನಲ್ಲಿ ನನ್ನ ಡಬ್ಬಿಯನ್ನು ಎತ್ತಿ ಹಿಡಿದು, "ಇದರಲ್ಲಿ ಬಿಸ್ಕೀಟು ಮುಗಿದವೇನಮ್ಮಾ?" ಎಂದು ಕೇಳಿದಾಗ ನಗದವರಿಲ್ಲ. ನ್ಯಾಯಾಧೀಶರು ಮಾತ್ರ ನಗಲಿಲ್ಲ. ಅದೇ ಬಾವಿಗಳ ನೀರನ್ನು ರಾಜಧಾನಿಯ ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸಿದರು. ಅಲ್ಲಿಂದ ಬಂದ ಅಂಕೆಗಳು ನನ್ನ ಅಂಕೆಗಳಿಗೆ ಬಾವಿಗೆ ಬಾವಿ ಹೊಂದಿಕೊಂಡವು. ಕಾರ್ಖಾನೆ ಮುಚ್ಚಿತು. ಅದರ ಕೆಸರನ್ನೆಲ್ಲ ಗುಡ್ಡದ ಬುಡದಲ್ಲಿ ಜೇಡಿಮಣ್ಣಿನ ಹಾಸು ಹಾಕಿದ ಹೊಂಡದಲ್ಲಿ ಹೂತರು. ರಾಸಾಯನಿಕ ಬೆರೆಯದ ಕ್ರೋಮಿಯಂನ ಸ್ವಂತ ಬಣ್ಣ ಹಳದಿ; ಜನ ಅದನ್ನು ಹಳದಿ ಗುಂಡಿ ಎಂದು ಕರೆದರು. ಆ ದಿನ ಕೋರ್ಟಿನ ಮೆಟ್ಟಿಲಿಳಿದಾಗ ನನ್ನೆದೆಯಲ್ಲಿ ಎದ್ದ ಗರ್ವವನ್ನು ನಾನು ಎಂದೂ ಬಚ್ಚಿಟ್ಟವಳಲ್ಲ. ಮುಂದೆ ನಾನು ಕೆಲಸಕ್ಕೆ ಸೇರಿದ ಜಲಮಂಡಳಿಗೆ ಹೊಸದಾಗಿ ಬಂದ ಪ್ರತಿಯೊಬ್ಬ ತರುಣ ಎಂಜಿನಿಯರಿಗೂ ಆ ವೃತ್ತಾಂತವನ್ನು ಹೇಳಿದ್ದೇನೆ. ಅವರು ಬೆನ್ನ ಹಿಂದೆ ಅದಕ್ಕೆ 'ಡಬ್ಬಿ ಪುರಾಣ' ಎಂದು ಹೆಸರಿಟ್ಟದ್ದೂ ನನಗೆ ಗೊತ್ತು.

ನಾನು ನಿವೃತ್ತಳಾದ ಮೇಲೆ ನೀರನ್ನು ತಾನೇ ಪರೀಕ್ಷಿಸುವ 'ಸಾಕ್ಷಿ' ಎಂಬ ವ್ಯವಸ್ಥೆ ಬಂತು. ಊರಿನ ಪ್ರತಿಯೊಂದು ನಳದ ಮೇಲೂ ಹೆಸರುಕಾಳಿನಷ್ಟು ದೊಡ್ಡ ದೀಪ. ಹಸಿರಿದ್ದರೆ ಕುಡಿಯಬಹುದು, ಕೆಂಪಾದರೆ ನಳ ತಾನಾಗಿ ಮುಚ್ಚಿಕೊಳ್ಳುತ್ತದೆ. ಎಲ್ಲ ದೀಪಗಳನ್ನೂ ಆಳುವ ಯಂತ್ರವಿದ್ದುದು ಜಲಮಂಡಳಿಯ ನಿಯಂತ್ರಣ ಕೊಠಡಿಯಲ್ಲಿ, ಒಂದು ಉಕ್ಕಿನ ಕಪಾಟಿನೊಳಗೆ. ಅಲ್ಲಿ ಒಂದೇ ದೀಪದ ಬೆಳಕನ್ನು ಎರಡಾಗಿ ಸೀಳುತ್ತಿದ್ದರು. ಒಂದು ಪಾಲು ಪರಮಶುದ್ಧ ನೀರು ತುಂಬಿ ಬೆಸೆದಿದ್ದ ಗಾಜಿನ ನಳಿಕೆಯ ಮೂಲಕ ಹಾಯುತ್ತಿತ್ತು. ಮತ್ತೊಂದು ಊರಿನ ನೀರು ಸದಾ ಹರಿಯುತ್ತಿದ್ದ ನಳಿಕೆಯ ಮೂಲಕ. ಎರಡರ ತುದಿಯಲ್ಲೂ ಉಳಿದ ಬೆಳಕನ್ನು ಹೋಲಿಸಿ, ವ್ಯತ್ಯಾಸವಿಲ್ಲದಿದ್ದರೆ ಯಂತ್ರ ಸೊನ್ನೆ ಬರೆಯುತ್ತಿತ್ತು. ಸೊನ್ನೆಯೆಂದರೆ ಹಸಿರು. ರಾಸಾಯನಿಕ ಬೆರೆಸುವ ರಗಳೆಯಿಲ್ಲ, ಕಾಯುವ ಕೆಲಸವಿಲ್ಲ.

ಜನ ಅದಕ್ಕೆ ಒಗ್ಗಿದ ಪರಿ ಆಶ್ಚರ್ಯಕರವಾಗಿತ್ತು. ನಳದ ಬಾಯಿಗೆ ಬಟ್ಟೆ ಕಟ್ಟುವುದನ್ನು ಬಿಟ್ಟರು. ನೀರನ್ನು ಕಾಯಿಸುವುದನ್ನು ಬಿಟ್ಟರು. ಆಸ್ಪತ್ರೆಯವರೂ ತಮ್ಮ ಸ್ವಂತ ಪರೀಕ್ಷೆಗಳನ್ನು ನಿಲ್ಲಿಸಿದರು. ಶಾಲೆಯ ಮಕ್ಕಳಿಗೆ ನೀರಿನ ಚಿತ್ರ ಬಿಡಿಸಿರೆಂದರೆ ಮೊದಲು ಹಸಿರು ಚುಕ್ಕೆಯನ್ನು ಬಿಡಿಸುತ್ತಿದ್ದರು. ಕೊನೆಗೆ ದೀಪ ಒಪ್ಪಿದ ನೀರನ್ನು ಕೆಟ್ಟದ್ದೆಂದು ಸಾರುವುದು ದಂಡನಾರ್ಹವೆಂಬ ಕಾನೂನೂ ಬಂತು. ನೀರನ್ನು ನೋಡುವ ಕಣ್ಣುಗಳೇ ಊರಿನಲ್ಲಿ ಇಲ್ಲವಾದವು.

ಆ ವರ್ಷ ಮಹಾನವಮಿಯ ಮುಂಚೆಯೇ ಹಿಂಗಾರು ಮಳೆ ಗುಡ್ಡವನ್ನು ಬಡಿಯತೊಡಗಿ, ಹಬ್ಬ ಮುಗಿದರೂ ಬಿಡುವು ಕೊಡಲಿಲ್ಲ. ದಶಮಿ ಕಳೆದ ಮೇಲಿನ ಒಂದು ಮುಂಜಾನೆ, ಬನ್ನಿ ಕೊಡಲೆಂದು ನಾನು ನೆರೆಮನೆಯ ನೀಲವ್ವನಲ್ಲಿಗೆ ಹೋದೆ. ಆಕೆಯ ಮಗ ಗುರುಪಾದನೇ ಸಾಕ್ಷಿಯ ಉಸ್ತುವಾರಿಯ ಎಂಜಿನಿಯರ್. ಅವನ ಒಂಬತ್ತು ತಿಂಗಳ ಮಗಳು ಸಿರಿ ಹಬ್ಬದ ಮರುದಿನದಿಂದ ವಾಂತಿ ಮಾಡಿಕೊಳ್ಳುತ್ತಿದ್ದಳೆಂದೂ, ಹಿಂದಿನ ಸಂಜೆ ಆಸ್ಪತ್ರೆಗೆ ಸೇರಿಸಿದ್ದಾರೆಂದೂ ಆಗಲೇ ತಿಳಿದದ್ದು.

"ಬರ್ರಿ ಅಕ್ಕೋರ," ಎಂದಳು ನೀಲವ್ವ, ಕಣ್ಣೊರೆಸಿಕೊಳ್ಳುತ್ತ. "ಬನ್ನಿ ತಗೊಂಡು ಬಂಗಾರದಂಗ ಇರೂಣು ಅನ್ನಾಕ ಬಾಯಿ ಬರವಲ್ದು. ಕೂಸು ಕುಡದದ್ದೆಲ್ಲಾ ಕಕ್ಕಾಕತ್ತೇತಿ. ನಿನ್ನಿಯಿಂದ ಉಚ್ಚೀನೂ ಹೊಯ್ದಿಲ್ಲ. ಸೊಸಿ ಅಲ್ಲೇ ಕುಂತಾಳ."

"ಡಾಕ್ಟರು ಏನಂತಾರ?"

"ಹೊಟ್ಟಿ ಜಡ್ಡು ಅಂತಾರ. ಹಾಲಿನ ಪುಡಿ ಹಿಡಸಿಲ್ಲೇನೋ ಅಂತಾರ."

ಮಾತನಾಡುತ್ತ ಆಕೆ ಕೂಸಿನ ಬಾಟಲಿಗಳನ್ನು ಬಿಳಿಯ ಪಿಂಗಾಣಿ ಬೋಗುಣಿಯಲ್ಲಿ ತೊಳೆಯುತ್ತಿದ್ದಳು. ನಳದ ಮೇಲೆ ಹಸಿರು ದೀಪ ಶಾಂತವಾಗಿ ಉರಿಯುತ್ತಿತ್ತು. ನನ್ನ ಕಣ್ಣು ಮಾತ್ರ ಬೋಗುಣಿಯ ತಳದ ಮೇಲೆ ನಿಂತಿತು. ಆ ಬಿಳುಪು ಬಿಳುಪಾಗಿರಲಿಲ್ಲ.

"ನೀಲವ್ವ, ನೀರು ಹಳದಿ ಐತಲ್ಲ?"

"ಹಬ್ಬದ ಅರಿಶಿಣ ಬಿಡ್ರಿ. ಕೊಡಕ್ಕ, ಬಾಗಿಲಕ್ಕ, ಹೊಸ್ತಿಲಕ್ಕ ಬಡದೇವಿ. ಕೈ ತೊಳದ್ರೂ ಹೋಗವಲ್ದು. ಮತ್ತ ದೀಪ ಹಸರೈತಲ್ಲ, ನಿಮಗ ಯಾಕ ಸಂಶೇ?"

"ನಿನ್ನ ಎಲಿ-ಅಡಿಕಿ ಚಂಚಿ ಕೊಡಿಲ್ಲಿ."

"ಈಗ ಎಲಿ ಹಾಕ್ತೀರೇನ್ರಿ?" ಆಕೆಗೆ ಆ ದುಃಖದಲ್ಲೂ ನಗು ಬಂತು.

ಚಂಚಿಯಿಂದ ಸುಣ್ಣದ ಡಬ್ಬಿಯನ್ನು ತೆಗೆದು, ಎರಡು ಬಟ್ಟಲುಗಳನ್ನು ಸಾಲಾಗಿ ಇಟ್ಟೆ. ಒಂದರಲ್ಲಿ ಹಿತ್ತಿಲ ಪಾತ್ರೆಗೆ ಬಿದ್ದಿದ್ದ ಮಳೆನೀರು ಹೊಯ್ದು ಅರಿಶಿನದ ಚಿಟಿಕೆಯನ್ನು ಹಾಕಿದೆ. ಇನ್ನೊಂದರಲ್ಲಿ ಬರಿಯ ನಳದ ನೀರು. ಎರಡಕ್ಕೂ ಸುಣ್ಣ ಕಲಸಿದೆ. ಅರಿಶಿನದ ಬಟ್ಟಲು ಕಣ್ಣೆದುರಿಗೇ ಆರತಿಯ ಓಕುಳಿಯಂತೆ ಕೆಂಪಗಾಯಿತು. ನಳದ ನೀರಿನ ಬಟ್ಟಲು ಹಳದಿಯಾಗಿದ್ದದ್ದು ಹಳದಿಯಾಗಿಯೇ ಉಳಿಯಿತು.

ಮದುವೆ ಮುಂಜಿಗಳಲ್ಲಿ ಜೀವಮಾನವಿಡೀ ಓಕುಳಿ ಕಲಸಿದ ಕೈ ನೀಲವ್ವನದು. ಆಕೆಗೆ ವಿವರಿಸಬೇಕಾದದ್ದೇನೂ ಇರಲಿಲ್ಲ. ಎರಡೂ ಬಟ್ಟಲುಗಳನ್ನು ನೋಡಿದಳು. ಮುಖದ ಮೇಲಿನ ನಗು ಇಂಗಿತು.

"ಇದು ಅರಿಶಿಣ ಅಲ್ಲ."

"ಅಲ್ಲ."

"ಮತ್ತೇನಿದು, ಅಕ್ಕೋರ?"

ಗುಡ್ಡದ ಬುಡದ ಹೊಂಡ ನನ್ನ ಕಣ್ಣ ಮುಂದೆ ಬಂತು. "ಈ ನಳದ ಹನಿ ನೀರನ್ನೂ ಮುಟ್ಟಬ್ಯಾಡ," ಎಂದಷ್ಟೇ ಹೇಳಿ, ಆಟೋ ಹಿಡಿದು ಜಲಮಂಡಳಿಗೆ ಹೊರಟೆ.

ನಿಯಂತ್ರಣ ಕೊಠಡಿಯಲ್ಲಿ ಗುರುಪಾದನೊಬ್ಬನೇ ಇದ್ದ. ಹಬ್ಬದ ರಜೆಗೆ ಉಳಿದವರೆಲ್ಲ ಊರುಗಳಿಗೆ ಹೋಗಿದ್ದರು. ಗೋಡೆಯ ಪರದೆಯ ಮೇಲೆ ಊರಿನ ನಕಾಶೆ. ಅದರ ಮೇಲೆ ಸಾವಿರಾರು ಹಸಿರು ಚುಕ್ಕೆಗಳು. ನನ್ನನ್ನು ನೋಡಿ ಎದ್ದುನಿಂತ. ಕಣ್ಣುಗಳು ಬಾಡಿದ್ದವು.

"ಅಕ್ಕೋರ, ಪುರಾಣಕ್ಕ ಇವತ್ತು ಹೊತ್ತಲ್ರಿ. ಕೂಸಿಗೆ ಆರಾಮಿಲ್ಲ."

"ಕೂಸಿನ ಸಲುವಾಗೇ ಬಂದೀನಿ. ನೀರಾಗ ಕ್ರೋಮಿಯಂ ಐತಿ."

ಅವನು ತುಟಿ ಕಚ್ಚಿದ. "ಹಂಗ ಅನ್ನಬಾರ್ದ್ರಿ. ಕಾನೂನು ಗೊತ್ತೈತಲ್ಲ? ಸಾಕ್ಷಿ ಸೊನ್ನಿ ತೋರಸಾಕತ್ತೈತಿ. ನೋಡ್ರಿ ಬೇಕಾದ್ರ."

"ಆ ಸೊನ್ನಿ ಬರದವ್ರು ಯಾರು? ಅದರ ಹಿಂದಿನ ಅಂಕಿ ತೋರಸು."

ಅವನು ಒಲ್ಲದ ಮನಸ್ಸಿನಿಂದ ಕೀಲಿಗಳನ್ನೊತ್ತಿದ. ಪರದೆಯ ಮೇಲೆ ಒಂದು ಗೆರೆ ಮೂಡಿತು. ನವಮಿಯ ಬೆಳಗಿನವರೆಗೆ ಆ ಗೆರೆ ಸೊನ್ನೆಯ ಮೇಲೆ ನೂಲು ಹಿಡಿದಂತೆ ನಡೆದಿತ್ತು. ನವಮಿಯ ಮಧ್ಯಾಹ್ನ ಮೆಟ್ಟಿಲಿಂದ ಜಾರಿದಂತೆ ಸೊನ್ನೆಯ ಕೆಳಕ್ಕೆ ಬಿದ್ದಿತ್ತು. ಕೆಲಹೊತ್ತು ಆ ಆಳದಲ್ಲೇ ಹರಿದು, ಮಳೆಯ ದಿನಗಳುದ್ದಕ್ಕೂ ನಿಧಾನವಾಗಿ ಏರುತ್ತ, ಈಗ ಮತ್ತೆ ಸೊನ್ನೆಯ ಅಂಚನ್ನು ಮುಟ್ಟುವುದರಲ್ಲಿತ್ತು. ಸೊನ್ನೆಗಿಂತ ಕೆಳಗಿನ ಅಂಕೆಗಳು ಜನರಲ್ಲಿ ಗೊಂದಲ ಹುಟ್ಟಿಸುತ್ತವೆಂದು ಅವನ್ನೂ ಸೊನ್ನೆಯೆಂದೇ ಬರೆಯುವಂತೆ ಯಂತ್ರಕ್ಕೆ ಕಲಿಸಿದ್ದರು.

"ಕೆಳಗ ಹೋಗೈತಿ ಖರೆ," ಎಂದ ಗುರುಪಾದ. "ಆದ್ರ ಕೆಳಗ ಅಂದ್ರ ಇನ್ನೂ ಚೊಲೋ ನೀರಲ್ರಿ?"

"ಶುದ್ಧ ನೀರಿಗಿಂತ ಶುದ್ಧ ನೀರು ಯಾವ ಲೋಕದಾಗ ಐತೋ? ಖಾಲಿ ತಕ್ಕಡಿ ಒಂದು ಕಡೆ ಮ್ಯಾಲೆದ್ರ ನಿನ್ನವ್ವ ಏನಂತಾಳ?"

"ತಕ್ಕಡಿ ಸುಳ್ಳೈತಿ ಅಂತಾಳ."

"ನಿಮ್ಮವ್ವಗ ಇದ್ದಷ್ಟು ಸಂಶೇ ನಿನಗ ಇರಬೇಕಿತ್ತು."

ಕೊಠಡಿಯ ಮೂಲೆಯಲ್ಲಿ ಬ್ಯಾಟರಿಗೆ ಹಾಕುವ ಬಟ್ಟಿಯಿಳಿಸಿದ ನೀರಿನ ಕ್ಯಾನುಗಳಿದ್ದವು. ಊರಿನ ನೀರನ್ನು ತಡೆದು, ಅದರ ನಳಿಕೆಗೆ ಒಂದಿಷ್ಟು ಹೊತ್ತು ಈ ನೀರನ್ನು ಹರಿಸೆಂದೆ. ಅದಕ್ಕೆ ಕಪಾಟನ್ನು ತೆರೆಯಬೇಕಾಗಿರಲಿಲ್ಲ. ಹೊರಗಿನ ಕೊಳವೆಯನ್ನು ಬದಲಾಯಿಸಿದರೆ ಸಾಕು. ಎರಡೂ ನಳಿಕೆಗಳಲ್ಲಿ ಶುದ್ಧ ನೀರೇ ಇದ್ದ ಮೇಲೆ ಎರಡು ಬೆಳಕುಗಳಿಗೂ ವ್ಯತ್ಯಾಸವಿರಕೂಡದು. ಗೆರೆ ಸೊನ್ನೆಯ ಮೇಲೆ ನಿಲ್ಲಬೇಕು.

ಗೆರೆ ಬಿತ್ತು. ನವಮಿಯ ಮಧ್ಯಾಹ್ನ ಬಿದ್ದಿದ್ದ ಅದೇ ಆಳಕ್ಕೆ ಬಿದ್ದು ನಿಂತಿತು.

ಗುರುಪಾದ ಪರದೆಯ ಹತ್ತಿರಕ್ಕೆ ಸರಿದು ಗೆರೆಯ ಮೇಲೆ ಬೆರಳಿಟ್ಟ. ನಾನು ಹೇಳಿದೆ: "ಯಂತ್ರ ನೀರನ್ನ ನೋಡೂದಿಲ್ಲಪ. ಎರಡು ಬೆಳಕಿನ ಅಂತರ ನೋಡತೈತಿ. ಶುದ್ಧ ನೀರಿನ ಕಡೀಗೆ ಏನೋ ಬೆಳಕು ನುಂಗಾಕತ್ತೈತಿ. ಈ ಕಡೀಗೆ ವಿಷ ನುಂಗಾಕತ್ತೈತಿ. ಇಬ್ಬರು ಕಳ್ಳರು ಸಮಸಮ ಕದ್ರ ಲೆಕ್ಕ ಸೊನ್ನೀನ ಬರತೈತಿ. ನವಮಿ ದಿನ ಇಲ್ಲಿ ಏನು ಮಾಡಿದ್ರಿ?"

"ಆಯುಧಪೂಜಾ ಮಾಡಿದ್ವಿ. ವರ್ಷಾ ಮಾಡ್ತೀವಲ್ರಿ."

"ವರ್ಷಾ ಬಾಗಿಲಕ್ಕ ಹಚ್ತಿದ್ರಿ. ಈ ವರ್ಷ?"

ಅವನು ತನ್ನ ಬಲಗೈಯನ್ನು ನೋಡಿಕೊಂಡ. ಆ ಕೊಠಡಿಯವರು ಬೆಸೆದ ನಳಿಕೆಯ ಶುದ್ಧ ನೀರನ್ನು ಪ್ರೀತಿಯಿಂದ 'ಗಂಗವ್ವ' ಎಂದು ಕರೆಯುತ್ತಿದ್ದರು. ವರ್ಷಕ್ಕೊಮ್ಮೆ ನವಮಿಯಂದು ಮಾತ್ರ ಕಪಾಟನ್ನು ತೆರೆದು ಧೂಳು ಹೊಡೆಯುವ ವಾಡಿಕೆ. "ಬಾಗಿಲಕ್ಕ ಹಚ್ಚಿದ್ರ ಬಾಗಿಲಕ್ಕ ಪೂಜಾ ಆತು, ಗಂಗವ್ವಗೆಲ್ಲಿ ಆತು ಅಂದ್ನಿರಿ," ಎಂದ, ದನಿ ಕುಗ್ಗಿಸಿ. "ಮಗಳಿಗೆ ಮೊದಲನೇ ನವಮಿ. ಚಲೋತ್ನಂಗ ಮಾಡೂಣು ಅಂತ... ನಾನ ಹಚ್ಚಿದ್ದು. ಗಂಧದಂಗ ತೇಯ್ದ ಅರಿಶಿಣ."

ಹಳದಿಯಾದ ಯಾವ ವಸ್ತುವೇ ಆಗಲಿ, ಹಳದಿಯಾಗಿ ಕಾಣುವುದು ಅದು ನೇರಳೆ-ನೀಲಿ ಬೆಳಕನ್ನು ನುಂಗುವುದರಿಂದ. ಕ್ರೋಮಿಯಂ ನುಂಗುವ ಬೆಳಕನ್ನೇ ಅರಿಶಿನವೂ ನುಂಗುತ್ತದೆ. ಒಂದು ಹಳದಿ ಇನ್ನೊಂದು ಹಳದಿಯನ್ನು ಹಿರೇಸರದ ಸಮಸ್ತ ಜನರಿಂದ ಮರೆಮಾಡಿತ್ತು.

"ತಗಿ ಕಪಾಟು."

"ಮೊಹರು ಐತ್ರಿ. ನವಮಿ ಬಿಟ್ರ ಸಾಹೇಬ್ರ ಅಪ್ಪಣಿ ಬೇಕು."

ಅವನು ಮೇಲಧಿಕಾರಿ ಹೊಸಮನಿಯವರಿಗೆ ಫೋನು ಹಚ್ಚಿದ. ಅವರು ಯಾವುದೋ ಮದುವೆಯ ನಿಶ್ಚಯದಲ್ಲಿದ್ದರು. ವಾದ್ಯದ ಸದ್ದಿನ ನಡುವೆ ಅವರ ದನಿ ನನಗೂ ಕೇಳಿಸಿತು.

"ದೀಪ ಹಸರೈತೋ ಇಲ್ಲೋ?"

"ಹಸರೈತ್ರಿ. ಆದ್ರ—"

"ಹಸರಿದ್ರ ಮುಟ್ಟಬ್ಯಾಡ. ಹಬ್ಬದಾಗ ಊರಿನ ನೀರು ನಿಂತ್ರ ನಂದೂ ನಿಂದೂ ಇಬ್ಬರದೂ ನೌಕ್ರಿ ಹೋತು. ಯಾರಾರ ಮುದುಕ್ರ ಮಾತ ಕೇಳಿ ಮೊಹರು ಒಡದಿ ಅಂದ್ರ ನಾ ನಿನ್ನ ಬೆನ್ನಿಗೆ ನಿಲ್ಲಂಗಿಲ್ಲ. ನಾಳಿ ಬರ್ತೀನಿ, ನೋಡೂಣಂತ."

ಫೋನನ್ನು ಮೇಜಿನ ಮೇಲಿಟ್ಟು ಗುರುಪಾದ ಕುರ್ಚಿಯಲ್ಲಿ ಕುಸಿದ. "ನಾಳಿ ಬರ್ತಾರಂತ್ರಿ."

ಅಷ್ಟರಲ್ಲಿ ಫೋನು ಮತ್ತೆ ಗುನುಗಿತು. ಆಸ್ಪತ್ರೆಯಿಂದ ಅವನ ಹೆಂಡತಿ ರೇಣುಕಾ.

"ಡಾಕ್ಟರು ಉಪ್ಪು-ಸಕ್ಕರಿ ನೀರು ಕುಡಸ್ರಿ ಅಂದಾರ. ಸ್ವಲ್ಪ ಸ್ವಲ್ಪ ಮಾಡಿ ಸಂಜೀ ತನಕಾ. ನರ್ಸಬಾಯಿ ಕಲಸಾಕತ್ತಾಳ."

"ಯಾವ ನೀರಾಗ?"

"ನಳದ ನೀರಾಗ. ಮತ್ಯಾವ ನೀರಾಗ?"

"ಕೊಡಬ್ಯಾಡ ರೇಣುಕಾ! ಎಳನೀರು ತರಸು. ಈ ನೀರು ಕೊಡಬ್ಯಾಡ!"

ಆ ಕಡೆ ಗಲಿಬಿಲಿ. ಬಳಿಕ ನರ್ಸಿನ ದನಿ ಬಂತು, ಚುರುಕಾಗಿ, ಸಿಡುಕಾಗಿ: "ಏನ್ರಿ ಸರ, ಸಾಕ್ಷಿ ನೋಡಕೊಳ್ಳೋರ ನೀವು, ನೀವ ಹಿಂಗಂದ್ರ ಹೆಂಗ? ದೀಪ ಹಸರೈತಿ. ಕೂಸು ಒಣಗಾಕತ್ತೈತಿ. ದೀಪ ಕೆಂಪಾಗಲಿ, ನಾ ಅದರಾಗ ಕಾಲೂ ತೊಳಿಯಂಗಿಲ್ಲ. ಹಸರಿರೂ ತನಕಾ ಡಾಕ್ಟರ ಮಾತ ಕೇಳಾಕಿ ನಾ." ಫೋನು ಕಡಿಯಿತು. ಮತ್ತೆ ಹಚ್ಚಿದರೆ ಯಾರೂ ಎತ್ತಲಿಲ್ಲ.

ಆ ಹೆಣ್ಣುಮಗಳನ್ನು ನಾನು ತಪ್ಪೆನ್ನಲಾರೆ. ಇಡೀ ಊರಿಗೆ ನಾವು ಕಲಿಸಿದ್ದ ಪಾಠವನ್ನೇ ಅವಳು ಒಪ್ಪಿಸಿದ್ದಳು. ಆಟೋ ಹಿಡಿದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅರ್ಧ ಲೋಟವಾದರೂ ಕೂಸಿನ ಹೊಟ್ಟೆ ಸೇರಿರುತ್ತಿತ್ತು. ಆ ಲೋಟವನ್ನು ತಡೆಯಬಲ್ಲದ್ದು ಪ್ರಪಂಚದಲ್ಲಿ ಒಂದೇ ಇತ್ತು: ನಳದ ಮೇಲಿನ ಕೆಂಪು ದೀಪ.

ಗುರುಪಾದ ಎದ್ದ. ಮೇಜಿನ ಮೇಲಿದ್ದ ಕತ್ತರಿಯಿಂದ ಮೊಹರಿನ ತಂತಿಯನ್ನು ಕಡಿದು, ಉಕ್ಕಿನ ಬಾಗಿಲನ್ನೆಳೆದ. ಒಳಗಿನಿಂದ ಕರ್ಪೂರದ ಹಳೆಯ ವಾಸನೆ ಬಂತು. ಎರಡು ಗಾಜಿನ ನಳಿಕೆಗಳು ಜೊತೆಜೊತೆಯಾಗಿ ಮಲಗಿದ್ದವು. ಊರಿನ ನಳಿಕೆಯ ಗಾಜಿನ ಮೇಲೆ ಏನೂ ಹಚ್ಚಿರಲಿಲ್ಲ. ಗಂಗವ್ವನ ನಳಿಕೆಯ ತುದಿಯಲ್ಲಿ, ಬೆಳಕು ಒಳಹೊಗುವ ಪುಟ್ಟ ಕಿಟಕಿಯ ಮೇಲೆ, ಬೆರಳಚ್ಚಿನ ಗೆರೆಗಳು ಸಹ ಎದ್ದು ಕಾಣುವಂತೆ ಒಣಗಿದ ಅರಿಶಿನದ ತೆಳುಲೇಪ. ನಡುವೆ ಚಿಕ್ಕದೊಂದು ಕುಂಕುಮದ ಬೊಟ್ಟು.

ಅವನು ಅಂಗಿಯ ಚುಂಗಿನಿಂದ ಒರೆಸಲು ಬಾಗಿದ. ನಾನು ಅವನ ಮಣಿಕಟ್ಟನ್ನು ಹಿಡಿದೆ.

"ಬಿಡ್ರಿ ಅಕ್ಕೋರ! ಅಲ್ಲಿ ಕೂಸಿಗೆ—"

"ಗಾಜಿಗೆ ಗೀರು ಬಿದ್ರ ಗೀರೂ ಬೆಳಕು ತಡೀತೈತಿ. ಆಮ್ಯಾಲ ಈ ಯಂತ್ರದ ಮಾತು ಯಾರೂ ನಂಬೂದಿಲ್ಲ. ಹತ್ತಿ ತಗೊ. ಸ್ಪಿರಿಟ್ ತಗೊ. ಒಂದ ದಿಕ್ಕಿಗೆ ಒರಸು."

ಹತ್ತಿಯ ಮೊದಲನೆಯ ಉಂಡೆ ಹಳದಿಯಾಯಿತು, ಎರಡನೆಯದೂ ಹಳದಿಯಾಯಿತು, ಮೂರನೆಯದು ತಿಳಿಯಾಗಿ ಬಂತು. ಇನ್ನೊಂದು ಸಲ ಎಂದೆ. ಅವನು ಹಲ್ಲು ಕಚ್ಚಿ ಒರೆಸಿದ. ಕಪಾಟಿನ ಬಾಗಿಲನ್ನು ಮುಚ್ಚಿದೆವು. ಎರಡೂ ನಳಿಕೆಗಳಲ್ಲಿ ಇನ್ನೂ ಶುದ್ಧ ನೀರೇ ಇತ್ತು. ಪರದೆಯ ಮೇಲಿನ ಗೆರೆ ಪಾತಾಳದಿಂದೆದ್ದು ಸೊನ್ನೆಗೆ ಬಂದು, ಅಲುಗದೆ ನಿಂತಿತು.

"ಈಗ ಊರಿನ ನೀರು ಬಿಡು."

ಅವನು ಕೊಳವೆಯನ್ನು ಬದಲಾಯಿಸಿ ಕವಾಟವನ್ನು ತಿರುಗಿಸಿದ. ಕೆಲವು ಕ್ಷಣ ಏನೂ ಆಗಲಿಲ್ಲ. ನನ್ನ ಅನುಮಾನವೇ ತಪ್ಪಾಗಿದ್ದರೆ, ಈ ಹುಡುಗನ ಅನ್ನಕ್ಕೆ ನಾನು ಮಣ್ಣು ಹಾಕಿದ್ದರೆ ಎಂಬ ಭಯ ಆಗ ಮೊದಲ ಬಾರಿಗೆ ನನ್ನನ್ನು ಹೊಕ್ಕಿತು. ಬಳಿಕ ಗೆರೆ ತಲೆಯೆತ್ತಿತು. ಸೊನ್ನೆಯನ್ನು ಬಿಟ್ಟಿತು. ಹಸಿರು ಪಟ್ಟಿಯನ್ನು ದಾಟಿತು. ಮಿತಿಯ ಗುರುತನ್ನು ಮುಟ್ಟಿ, ಅದನ್ನೂ ಹಿಂದಿಕ್ಕಿ ಏರುತ್ತಲೇ ಹೋಯಿತು.

ಕೊಠಡಿಯೊಳಗೆ ಗಂಟೆ ಕಿರುಚಿತು. ಗೋಡೆಯ ನಕಾಶೆಯಲ್ಲಿ ಕೋಟೆಓಣಿ ಕೆಂಪಾಯಿತು, ಆಸ್ಪತ್ರೆಯ ಬೀದಿ ಕೆಂಪಾಯಿತು, ನೇಕಾರರ ಪೇಟೆ ಕೆಂಪಾಯಿತು. ಉಸಿರು ಬಿಡುವುದರೊಳಗೆ ಹಸಿರೆಂಬುದು ಒಂದು ಚುಕ್ಕೆಯೂ ಉಳಿಯಲಿಲ್ಲ. ನೆಲದಡಿಯ ದೊಡ್ಡ ಕೊಳವೆಗಳಲ್ಲಿ ನೀರು ಒಮ್ಮೆಲೇ ತಡೆದು ನಿಂತ ಹೊಡೆತ ಪಾದಗಳಿಗೆ ತಟ್ಟಿತು. ಮರುಕ್ಷಣವೇ ಮೇಜಿನ ಮೇಲಿನ ಎಲ್ಲ ಫೋನುಗಳೂ ಬಡಿದುಕೊಳ್ಳತೊಡಗಿದವು. ಗುರುಪಾದ ಅವುಗಳಲ್ಲಿ ಒಂದನ್ನೂ ಎತ್ತಲಿಲ್ಲ. ತನ್ನ ಕೈಯಲ್ಲಿದ್ದ ಫೋನನ್ನೇ ನೋಡುತ್ತ ನಿಂತಿದ್ದ. ಅದು ಗುನುಗಿದೊಡನೆ ಕಿವಿಗೆ ಒತ್ತಿ ಹಿಡಿದ.

"ಕೆಂಪಾತು," ಎಂದಳು ರೇಣುಕಾ. "ಒಂದು ಚಮಚೆ ಕುಡಿಸಿದ್ಲು. ಎರಡನೇದು ಹಿಡದಿದ್ಲು. ದೀಪ ಕೆಂಪಾಗಿದ್ದ ತಡ ಲೋಟಾನ ಚೆಲ್ಲಿಬಿಟ್ಲು. ಏನಾಗೈತ್ರಿ? ಈ ನೀರು ಮದ್ಲಿಂದ ಹಿಂಗ ಇತ್ತನು?"

ಅವನು ಫೋನನ್ನು ನನ್ನ ಕೈಗಿತ್ತು ಮುಖ ತಿರುಗಿಸಿಕೊಂಡ. ಡಾಕ್ಟರನ್ನು ಕರೆಸಿ ಕ್ರೋಮಿಯಂ ಎಂಬ ಹೆಸರನ್ನು ನಾನೇ ಹೇಳಿದೆ. ಹೆಸರು ಸಿಕ್ಕೊಡನೆ ಅವರು ಚಿಕಿತ್ಸೆಯನ್ನು ಬದಲಾಯಿಸಿದರು.

ಮಧ್ಯಾಹ್ನದ ಹೊತ್ತಿಗೆ ಗುಡ್ಡದಿಂದ ಸುದ್ದಿ ಬಂತು: ಮಳೆಗೆ ಹಳದಿ ಗುಂಡಿಯ ಒಂದು ಮಗ್ಗುಲು ಕುಸಿದು, ಕೆಸರು ಊರಿಗೆ ನೀರುಣಿಸುವ ಕೆರೆಯ ಕಾಲುವೆಗೆ ಇಳಿದಿತ್ತು. ಹೊಸಮನಿಯವರು ನಿಶ್ಚಯದ ಉಡುಪಿನಲ್ಲೇ ಓಡಿಬಂದರು. ಅವರ ಹಿಂದೆ ಬಂದ ಜಿಲ್ಲೆಯ ಅಧಿಕಾರಿಗಳು ವಿಚಾರಣೆ ಮುಗಿಯುವವರೆಗೆ ಸಾಕ್ಷಿಯನ್ನು ಮುಟ್ಟಕೂಡದೆಂದು ಕಪಾಟಿಗೆ ಬೇರೆ ಬೀಗ ಜಡಿದರು. ಮೊಹರು ಒಡೆದವನಾರೆಂದು ಕೇಳಿದರು. ಗುರುಪಾದ ಮುಂದೆ ಬಂದ. ಪೂಜೆ ಮಾಡಿದವನೂ ತಾನೇ ಎಂದು ಯಾರೂ ಕೇಳದೆಯೇ ಹೇಳಿದ. ಅವನನ್ನು ಕೆಲಸದಿಂದ ದೂರವಿಟ್ಟರು.

ಊರಿನ ದೀಪಗಳು ಕೆಂಪೂ ಅಲ್ಲದೆ ಹಸಿರೂ ಅಲ್ಲದೆ ಆರಿಹೋದವು. ಅದೇ ಮಳೆ ಹೆದ್ದಾರಿಯ ಸೇತುವೆಯನ್ನು ಕಡಿದಿದ್ದರಿಂದ ಟ್ಯಾಂಕರುಗಳು ಬರುವಂತಿರಲಿಲ್ಲ. ಉಳಿದದ್ದು ಹಳೆಯ ಬಾವಿಗಳು. ಅವುಗಳಲ್ಲಿ ಯಾವುದು ಕುಡಿಯಲು ತಕ್ಕದ್ದು, ಯಾವುದಕ್ಕೆ ಕಾಲುವೆಯ ನೀರು ಒಸರಿದೆ ಎಂದು ಹೇಳುವವರು ಯಾರು? ಕಣ್ಣಿಗೆ ಕಾಣದಷ್ಟು ತೆಳುವಾದ ವಿಷವನ್ನು ಸುಣ್ಣವೂ ಹೇಳಲಾರದು. ಮಳೆ ಹೊಳವಾಗಿ ಸಂಜೆ ಇಳಿಯುವ ಹೊತ್ತಿಗೆ ನನ್ನ ಮನೆಯ ಕಟ್ಟೆಯ ಮೇಲೆ ಜನ ಸೇರಿದ್ದರು. ತಂಬಿಗೆಯಲ್ಲಿ, ಬಾಟಲಿಯಲ್ಲಿ, ಉಪ್ಪಿನಕಾಯಿಯ ಭರಣಿಯಲ್ಲಿ ನೀರು ತಂದಿದ್ದರು.

"ಅಕ್ಕೋರ, ಇದು ಮಠದ ಬಾವೀದು, ನೋಡ್ರಿ."

"ನಮ್ಮದು ಮದ್ಲ ನೋಡ್ರಿ, ಮನಿಯಾಗ ಬಾಣಂತಿ ಅದಾಳ."

"ನಿಂದೇನ ಮದ್ಲು? ಸರತೀಲೆ ನಿಲ್ಲವಾ!"

ಹೈಸ್ಕೂಲಿನ ಪ್ರಯೋಗಾಲಯದಿಂದ ಕ್ರೋಮಿಯಂಗೆ ನೇರಳೆ ಬಣ್ಣ ತರಿಸುವ ಆ ರಾಸಾಯನಿಕದ ಶೀಸೆಯನ್ನೂ ಗಾಜಿನ ನಳಿಕೆಗಳನ್ನೂ ತರಿಸಿದ್ದೆ. ಆದರೆ ನನ್ನ ಕಣ್ಣುಗಳಿಗೆ ಪೊರೆ ಬಂದಿತ್ತು. ಬೆರಳುಗಳಲ್ಲಿ ಮೊದಲಿನ ಬಿಗಿ ಇರಲಿಲ್ಲ. ಇಷ್ಟು ಬಾವಿಗಳನ್ನು ಬೆಳಗಾಗುವುದರೊಳಗೆ ನಾನೊಬ್ಬಳೇ ಮುಗಿಸಲಾರೆನೆಂಬುದು ನನಗೆ ಗೊತ್ತಿತ್ತು. ಹಾಗೆಂದು ಬಾಯಿಬಿಟ್ಟು ಹೇಳಲು ಅಭಿಮಾನ ಬಿಡುತ್ತಿರಲಿಲ್ಲ.

ಆಗ ಒಳಗಿನಿಂದ ನೀಲವ್ವನ ಕೂಗು ಕೇಳಿಸಿತು. ಆಕೆ ಫೋನನ್ನು ಎತ್ತಿ ಹಿಡಿದು ಹೊಸ್ತಿಲಿಗೆ ಓಡಿಬಂದಳು. ಕಟ್ಟೆಯ ಮೇಲಿದ್ದ ಅಷ್ಟೂ ಜನರಿಗೆ ಕೇಳುವಂತೆ, ನಾಚಿಕೆಯ ಲವಲೇಶವೂ ಇಲ್ಲದೆ ಕೂಗಿದಳು:

"ಕೂಸು ಉಚ್ಚಿ ಹೊಯ್ತು! ತುಂಬಾ ಹೊಯ್ತಂತ! ತಿಳಿ ಐತಂತ!"

ಜನ ಹೋ ಎಂದು ನಕ್ಕರು. ಯಾರೋ ಹೆಂಗಸು ಅಳತೊಡಗಿದಳು. ಜಲಮಂಡಳಿಯಿಂದ ನನ್ನೊಡನೆಯೇ ಬಂದಿದ್ದ ಗುರುಪಾದ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಆಸ್ಪತ್ರೆಗೆ ಓಡುತ್ತಾನೆಂದು ದಾರಿ ಬಿಟ್ಟರು. ಅವನು ಓಡಲಿಲ್ಲ. ಕಟ್ಟೆಯ ಮೇಲಿನ ಪಾತ್ರೆಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಮೋರಿಯ ಹತ್ತಿರ ಹೋಗಿ, 'ತೊಳದದ್ದು ಸಾಕು' ಎಂದು ನೀಲವ್ವ ಗದರುವ ತನಕ ಕೈಗಳನ್ನು ಸಾಬೂನು ಹಚ್ಚಿ ಮಳೆನೀರಿನಲ್ಲಿ ಉಜ್ಜಿ ತೊಳೆದ. ಅರಿಶಿನದ ಕಲೆ ಉಗುರುಗಳ ಸಂದಿಯಲ್ಲಿ ಇನ್ನೂ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಬಂದು ನನ್ನ ಎದುರಿಗೆ ಚಾಪೆಯ ಮೇಲೆ ಮಂಡಿಯೂರಿ ಕುಳಿತು, ಒಂದು ಬರಿದಾದ ನಳಿಕೆಯನ್ನು ಕೈಗೆತ್ತಿಕೊಂಡ.

"ಅಕ್ಕೋರ," ಎಂದ, "ಅವತ್ತು ಗೋದಾಮಿನ್ಯಾಗ ಹೆಂಗ ಮಾಡಿದ್ರಿ ಅಂತ ಎಷ್ಟೋ ಸರ್ತಿ ಹೇಳೀರಿ. ನಾ ಒಂದು ಸರ್ತೀನೂ ಕೇಳಿಲ್ಲ. ಇನ್ನೊಮ್ಮೆ ಹೇಳ್ರಿ. ಮದ್ಲಿಂದ."